ಹುಳುಕೂ ಹಂಬಲವೂ

ತಪ್ಪಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ದೋಷ, ಲೋಪ, ಊನ, ಕುಂದು, ಕೊರತೆ, ಐಬು, ಹುಳುಕು - ಒಂದೊಂದಕ್ಕೂ ಒಂದೊಂದು ಛಾಯೆ. ಕುಂದು ಎಂದರೆ ಇರಬೇಕಾದದ್ದು ಇಲ್ಲದಿರುವುದು. ಐಬು ಎಂದರೆ ಇರಬಾರದ್ದು ಎದ್ದು ಕಾಣುವುದು. ಹುಳುಕು ಎಂದರೆ ಹೊರಗೆ ನಯವಾಗಿದ್ದು ಒಳಗೆ ಟೊಳ್ಳಾಗಿರುವುದು. ಸಂತೆಯಲ್ಲಿ ಬದನೆಕಾಯಿ ಆರಿಸಿದವರಿಗೂ, ಹಲ್ಲುನೋವಿನಿಂದ ರಾತ್ರಿ ಕಳೆದವರಿಗೂ ಇದನ್ನು ವಿವರಿಸಬೇಕಾಗಿಲ್ಲ. ಗಣಕಯಂತ್ರದ ತಂತ್ರಾಂಶದಲ್ಲಿ ಉಳಿದುಹೋಗುವ ತಪ್ಪನ್ನು ಇಂಗ್ಲಿಷಿನವರು 'ಬಗ್' ಎನ್ನುತ್ತಾರೆ, ಎಂದರೆ ಹುಳು. ಎಡಿಸನ್ನನ ಕಾಲದಲ್ಲಿಯೇ ಯಂತ್ರದೋಷಕ್ಕೆ ಆ ಮಾತು ಬಳಕೆಯಲ್ಲಿತ್ತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಗಣಕವೊಂದರ ಒಳಗೆ ನಿಜವಾಗಿಯೇ ಒಂದು ಪತಂಗ ಸಿಕ್ಕಿಬಿದ್ದು, ಕೆಲಸಗಾರರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿಟ್ಟದ್ದು ಈಗ ಎಲ್ಲರೂ ಹೇಳುವ ಕಥೆ. ನನ್ನನ್ನು ಕೇಳಿದರೆ ನಮ್ಮ 'ಹುಳುಕು' ಎಂಬ ಮಾತೇ ಹೆಚ್ಚು ಪ್ರಾಮಾಣಿಕವಾದದ್ದು. ಹುಳು ಹೊರಗಿನಿಂದ ಬಂತು ಎಂದು ಮಾಡಿದವನು ಕೈತೊಳೆದುಕೊಳ್ಳಬಹುದು. ಹುಳುಕು ಮಾತ್ರ ಪದಾರ್ಥದ್ದೇ.

ಹುಳುಕು ತಂತ್ರಾಂಶದ ಯಾವ ಭಾಗದಲ್ಲಾದರೂ ಇರಬಹುದು. ಆದರೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರಲ್ಲ, ಅದರಲ್ಲಿರುವ ಹುಳುಕಿನ ಗತ್ತೇ ಬೇರೆ. ಅದು ಹಿಂದಿನ ಕಾಲದ ಹಳ್ಳಿಯ ಶ್ಯಾನುಭೋಗರಂತೆ. ಹೊಲ ಯಾರದ್ದೇ ಆಗಲಿ, ಲೆಕ್ಕ ಅವರ ಕಡತದ ಮೂಲಕ ಹೋಗಬೇಕು. ಪತ್ರ ಬರೆಯುವುದಾಗಲಿ, ಚಿತ್ರ ನೋಡುವುದಾಗಲಿ, ಬ್ಯಾಂಕಿನ ವ್ಯವಹಾರವಾಗಲಿ, ಎಲ್ಲವೂ ಅದರ ಕೈದಾಟಿಯೇ ನಡೆಯತಕ್ಕದ್ದು. ಆದ್ದರಿಂದ ಅದರ ಹೊಸ ಆವೃತ್ತಿ ಬರುತ್ತದೆಂಬ ಸುದ್ದಿ ಹುಟ್ಟಿದೊಡನೆ ಬಳಕೆದಾರರ ಲೋಕದಲ್ಲಿ ಒಂದು ವಿಚಿತ್ರವಾದ ಋತು ಕಾಲಿಡುತ್ತದೆ. ಹಳೆಯ ನೋವುಗಳನ್ನೆಲ್ಲ ಎಣಿಸುವುದು ಆಗಲೇ, ಹೊಸ ಆಸೆಗಳನ್ನೆಲ್ಲ ಹೆಣೆಯುವುದೂ ಆಗಲೇ. ಇದು ನಿಂತುಹೋಗುತ್ತಿತ್ತು, ಅದು ಮಾಯವಾಗುತ್ತಿತ್ತು, ಇನ್ನೊಂದು ಮುದ್ರಣಕ್ಕೆ ಬಗ್ಗುತ್ತಿರಲಿಲ್ಲ. ಈ ಸಲವಾದರೂ ಸರಿಹೋದೀತು. ಮದುವೆಗೆ ಮುಂಚಿನ ಮನೆಯಂತೆ, ಗೊಣಗಾಟವೂ ಸಂಭ್ರಮವೂ ಒಂದೇ ಬಾಯಲ್ಲಿ.

ಈ ಹಂಬಲ ಯಾವ ಜಾತಿಯದು ಎಂಬುದು ನನ್ನನ್ನು ಕೆಲವು ಕಾಲದಿಂದ ಕಾಡುತ್ತಿರುವ ಪ್ರಶ್ನೆ. ಇದು ಬೇಡುವವನ ಆಸೆಯೋ, ಕೊಂಡವನ ಹಕ್ಕೋ? ಮಳೆಗೆ ಕಾಯುವ ರೈತನ ಹಾಗೆ ನಾವು ಕಾಯುತ್ತಿದ್ದೇವೆಯೋ, ಅಥವಾ ಸಾಲ ಕೊಟ್ಟವನು ವಾಯಿದೆಯ ದಿನಕ್ಕೆ ಕಾಯುವ ಹಾಗೆಯೋ? ಮಳೆ ಬಾರದಿದ್ದರೆ ಯಾರನ್ನೂ ಕೇಳುವ ಹಾಗಿಲ್ಲ. ವಾಯಿದೆ ತಪ್ಪಿದರೆ ಕೇಳಬಹುದು, ಕೇಳಲೇಬೇಕು. ಮೇಲುನೋಟಕ್ಕೆ ಇದು ಸಣ್ಣ ವಿಷಯವೆನ್ನಿಸಬಹುದು. ಆದರೆ ಜನದ ಬದುಕಿನ ಇಷ್ಟೊಂದು ಭಾಗ ಈ ಒಂದು ಕಡತದ ಮೂಲಕ ಸಾಗುತ್ತಿರುವಾಗ, ಕಡತ ಬರೆಯುವವನ ಹೊಣೆ ಎಷ್ಟು ಎಂಬುದು ಧರ್ಮದ ಪ್ರಶ್ನೆಯೇ ಆಗುತ್ತದೆ.

ಹೊಸ ಯಂತ್ರಕ್ಕೆ ಹಳೆಯ ಉದಾಹರಣೆಯನ್ನು ಹುಡುಕುವುದು ಕನ್ನಡ ಮೇಷ್ಟರ ಚಾಳಿ, ವಾಚಕರು ಮನ್ನಿಸಬೇಕು. ನಮ್ಮ ತಾಳೆಯೋಲೆಯ ಲಿಪಿಕಾರರಲ್ಲಿ ಒಂದು ಪದ್ಧತಿಯಿತ್ತು. ಗ್ರಂಥವನ್ನು ಪ್ರತಿಮಾಡಿ ಮುಗಿಸಿದ ಮೇಲೆ ಕೊನೆಯಲ್ಲಿ ಒಂದು ಸಂಸ್ಕೃತ ಶ್ಲೋಕವನ್ನು ಸೇರಿಸುತ್ತಿದ್ದರು. ಮೂಲದಲ್ಲಿ ಹೇಗೆ ಕಂಡೆನೋ ಹಾಗೆಯೇ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ನನ್ನ ಮೇಲೆ ದೋಷ ಹೊರಿಸಬೇಡಿ ಎಂಬುದು ಅದರ ತಾತ್ಪರ್ಯ. ಬೆನ್ನು ಮುರಿದು, ಕತ್ತು ಬಗ್ಗಿಸಿ, ಕಷ್ಟಪಟ್ಟು ಬರೆದದ್ದನ್ನು ಜೋಪಾನವಾಗಿ ಕಾಪಾಡಿ ಎಂದು ಬೇಡುವ ಇನ್ನೊಂದು ಶ್ಲೋಕವೂ ಉಂಟು. ಇದು ಒಂದು ಮನೋಧರ್ಮ. ಇನ್ನೊಂದು ಮನೋಧರ್ಮ ಕೇಶಿರಾಜನದು. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದ ಆ ವೈಯಾಕರಣ, ಗ್ರಂಥದ ಆರಂಭದಲ್ಲಿಯೇ, ಇದರಲ್ಲಿ ದೋಷವೇನಾದರೂ ಇದ್ದರೆ ಪ್ರೀತಿಯಿಂದ ತಿದ್ದಿರೆಂದು ವಿದ್ವಾಂಸರನ್ನು ಕೇಳಿಕೊಂಡಿದ್ದಾನೆ. ಇಬ್ಬರೂ ವಿನಯವಂತರೇ. ಆದರೆ ಮೊದಲನೆಯವನ ವಿನಯ ಬಾಗಿಲನ್ನು ಹಾಕುತ್ತದೆ, ಎರಡನೆಯವನದು ಬಾಗಿಲನ್ನು ತೆರೆಯುತ್ತದೆ.

ಇಂದಿನ ತಂತ್ರಾಂಶಗಳ ಒಪ್ಪಂದಪತ್ರಗಳನ್ನು ಓದಿದವರು ಕಡಮೆ; ಓದದೆ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನೊತ್ತುವುದೇ ಲೋಕರೂಢಿ. ಓದಿದರೆ ಅಲ್ಲಿ ಸಿಕ್ಕುವುದು ಲಿಪಿಕಾರನ ಶ್ಲೋಕವೇ. ತಂತ್ರಾಂಶವನ್ನು 'ಇದ್ದ ಹಾಗೆ' ಕೊಡಲಾಗಿದೆ, ಇದು ನಿಮ್ಮ ಕಾರ್ಯಕ್ಕೆ ಒದಗೀತೆಂಬ ಭರವಸೆಯಿಲ್ಲ, ನಷ್ಟವಾದರೆ ನಾವು ಹೊಣೆಯಲ್ಲ ಎಂಬ ಅರ್ಥದ ಮಾತುಗಳು ಹಣಕ್ಕೆ ಮಾರುವ ತಂತ್ರಾಂಶದಲ್ಲೂ ಬಿಟ್ಟಿಯಾಗಿ ಹಂಚುವ ತಂತ್ರಾಂಶದಲ್ಲೂ ಬೇರೆ ಬೇರೆ ಪ್ರಮಾಣದಲ್ಲಿ ಇವೆ. ಬಡ ಲಿಪಿಕಾರ ಹಾಗೆಂದರೆ ಮರುಕ ಹುಟ್ಟುತ್ತದೆ. ತನ್ನದಲ್ಲದ ಗ್ರಂಥವನ್ನು ಅವನು ನಕಲು ಮಾಡಿದವನು. ತಾನೇ ಗ್ರಂಥಕರ್ತನಾಗಿ, ಊರಿಗೆಲ್ಲ ಮಾರಿದವನೂ ಅದೇ ಶ್ಲೋಕವನ್ನು ಹೇಳಿದರೆ ಮರುಕ ಬರುವುದಿಲ್ಲ.

ನಮ್ಮ ದೀಪಾಂಜಲಿ ನಗರದಲ್ಲಿ, ಮೆಟ್ರೋ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಒಂದು ಜೆರಾಕ್ಸ್ ಅಂಗಡಿಯಿದೆ. ಬಾಡಿಗೆ ಕರಾರು, ಮದುವೆಯ ಲಗ್ನಪತ್ರಿಕೆ, ತಿಥಿಯ ಕಾರ್ಡು, ಮಕ್ಕಳ ಪ್ರಾಜೆಕ್ಟು, ಕಾಲೇಜಿನ ಪ್ರಶ್ನಪತ್ರಿಕೆ - ಬಡಾವಣೆಯ ಹುಟ್ಟುಸಾವುಗಳೆಲ್ಲ ಅಲ್ಲಿ ಕನ್ನಡದಲ್ಲಿ ಟೈಪಾಗುತ್ತವೆ. ಅಂಗಡಿ ನಡೆಸುವಾಕೆಗೆ ಯಂತ್ರ ದಿನವೂ ಬೆಳಗ್ಗೆ, ಹೊಸ ಆವೃತ್ತಿ ಸಿದ್ಧವಾಗಿದೆ, ಹಾಕಿಕೊಳ್ಳುವಿರಾ ಎಂದು ಕೇಳುತ್ತದಂತೆ. ಆಕೆ ದಿನವೂ 'ಆಮೇಲೆ' ಎಂಬುದನ್ನು ಒತ್ತುತ್ತಾರೆ. "ಮಾಡಿದರೆ ಏನು ಹೋಗತ್ತೋ ಗೊತ್ತಿಲ್ಲ ಸಾರ್, ಮಾಡದಿದ್ದರೆ ಏನು ಬರತ್ತೋ ಗೊತ್ತಿಲ್ಲ" ಎಂದರು. ಇದಕ್ಕಿಂತ ಚೆನ್ನಾಗಿ ಈ ಸಂದಿಗ್ಧವನ್ನು ಯಾವ ತತ್ತ್ವಜ್ಞಾನಿಯೂ ಹೇಳಲಾರ. ಹಿಂದಿನ ಸಲ ಹಾಕಿಕೊಂಡಾಗ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದು, ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರೇ ಗುರುತು ಸಿಕ್ಕದಂತಾಗಿತ್ತಂತೆ.

ಅಲ್ಲಿ ಪಡಿಯಚ್ಚು ಮಾಡಿಸಲು ಬಂದಿದ್ದ ಹಿರಿಯರೊಬ್ಬರು ಮಾತಿಗೆ ಸೇರಿದರು. ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು. "ಮೇಷ್ಟ್ರೇ, ನಮ್ಮಲ್ಲಿ ನಕ್ಷೆ ತಿದ್ದಿದರೆ ಅದರ ಮೂಲೆಯ ಪಟ್ಟಿಯಲ್ಲಿ ಬರೀಬೇಕಾಗಿತ್ತು. ಏನು ತಿದ್ದಿದ್ದು, ಯಾವತ್ತು, ಯಾರು. ರುಜು ಇಲ್ಲದೆ ಒಂದು ಗೆರೆ ಅಳಿಸೋ ಹಾಗಿರಲಿಲ್ಲ. ಇವರು ನೋಡಿ, ಕೆಲವು ದೋಷ ಸರಿಪಡಿಸಿದ್ದೇವೆ ಅಂತಾರೆ. ಯಾವ ದೋಷ ಸ್ವಾಮಿ? ನನಗೆ ಗೊತ್ತಿದ್ದದ್ದೋ, ಗೊತ್ತಿಲ್ಲದ್ದೋ?" ಎಂದರು. ಅವರು ತಮ್ಮ ಕಾಗದವನ್ನು ಮಡಿಸಿಕೊಂಡು ಹೊರಟುಹೋದರೂ ಆ ಪ್ರಶ್ನೆ ನನ್ನಲ್ಲಿ ಉಳಿಯಿತು. ಹಳೆಯ ಪುಸ್ತಕಗಳ ಕೊನೆಗೆ ನಾವು ಕಾಣುವ ಒಪ್ಪೋಲೆಯೂ ಅದೇ ಅಲ್ಲವೆ? ಇಷ್ಟನೆಯ ಪುಟ, ಇಷ್ಟನೆಯ ಸಾಲು, ತಪ್ಪು ಇದು, ಒಪ್ಪು ಇದು. ತಪ್ಪನ್ನು ಸದ್ದಿಲ್ಲದೆ ಅಳಿಸುವುದು ಒಂದು, ಹೆಸರಿಟ್ಟು ಅಳಿಸುವುದು ಇನ್ನೊಂದು. ಎರಡರಿಂದಲೂ ಪುಸ್ತಕ ಶುದ್ಧವಾಗುತ್ತದೆ. ಆದರೆ ಎರಡನೆಯದರಲ್ಲಿ ಮಾತ್ರ ಓದುಗನಿಗೆ ಮರ್ಯಾದೆಯಿದೆ. ಈ ಮರ್ಯಾದೆಗೆ ಬೆಲೆಯನ್ನೇ ಕಟ್ಟಿದವರು ಅಮೆರಿಕದ ಡೊನಾಲ್ಡ್ ಕನೂತ್. ತಮ್ಮ ಪುಸ್ತಕದಲ್ಲಿ ಹೊಸ ತಪ್ಪೊಂದನ್ನು ತೋರಿಸಿದವರಿಗೆ 2 ಡಾಲರ್ 56 ಸೆಂಟಿನ ಚೆಕ್ಕು ಕಳಿಸುವುದನ್ನು ಅವರು ವ್ರತದಂತೆ ನಡೆಸಿಕೊಂಡು ಬಂದರು. ಹಲವರು ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು. ಕೇಶಿರಾಜನಿಗೆ ಇದು ಮೆಚ್ಚಿಕೆಯಾಗುತ್ತಿತ್ತೆಂದು ಕಾಣುತ್ತದೆ.

ಇಷ್ಟರವರೆಗೆ ಹುಳುಕು ಎಂದರೆ ಯಾವುದು ಎಂಬ ವಿಷಯದಲ್ಲಿ ಎರಡು ಪಕ್ಷದವರಿಗೂ ಒಪ್ಪಿಗೆಯಿದೆಯೆಂದು ಭಾವಿಸಿ ಮಾತನಾಡಿದೆ. ನಿಜವಾದ ತೊಡಕು ಅಲ್ಲಿಯೇ ಇದೆ. ಯಾವುದು ದೋಷ ಎಂಬುದನ್ನು ತೀರ್ಮಾನಿಸುವವರು ಯಾರು?

ಕನ್ನಡಿಗರಿಗೆ ಇದರ ಅನುಭವ ಚೆನ್ನಾಗಿಯೇ ಆಗಿದೆ. ವಿಂಡೋಸ್ ವ್ಯವಸ್ಥೆಯೊಳಗೆ ಕನ್ನಡ ಮೊದಲು ಕಾಲಿಟ್ಟದ್ದು 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿ ಆವೃತ್ತಿಯಲ್ಲಿ. ಅದರೊಡನೆ ಬಂದ ಅಕ್ಷರಶೈಲಿಗೆ 'ತುಂಗಾ' ಎಂಬ ಸೊಗಸಾದ ಹೆಸರು. ಆದರೆ ನದಿಯ ಹೆಸರಿದ್ದರೂ ಅದು ತಾನಾಗಿ ಹರಿದು ಬರುತ್ತಿರಲಿಲ್ಲ. ಎಲ್ಲೋ ಒಳಗಿನ ಪಟ್ಟಿಯೊಂದರಲ್ಲಿ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ಯಂತ್ರದ ಬಾಯಿಗಿಟ್ಟು ಕರೆದರೆ ಮಾತ್ರ ಬರುತ್ತಿತ್ತು. ಕನ್ನಡ ಇತ್ತು; ಅಟ್ಟದ ಮೇಲಿತ್ತು.

ಫೋನುಗಳ ಕಥೆ ಇದಕ್ಕಿಂತ ಹತ್ತಿರದ್ದು, ಹೆಚ್ಚು ಮನಸ್ಸಿಗೆ ತಾಗುವಂಥದು. ಆಂಡ್ರಾಯ್ಡ್ ಫೋನುಗಳು ಬಂದ ಮೊದಲಿನ ಕೆಲವು ವರ್ಷ ಅವುಗಳಲ್ಲಿ ಕನ್ನಡವೆಂದರೆ ಸಾಲುಸಾಲಾದ ಚೌಕಗಳು. ಕೆಲವು ತಯಾರಕರು ತಾವಾಗಿ ಕನ್ನಡವನ್ನು ಸೇರಿಸಿದ್ದುಂಟು. ಉಳಿದವರ ಫೋನಿನಲ್ಲಿ ತಾಯಿ ಬರೆದರೂ ಚೌಕ, ವೈರಿ ಬರೆದರೂ ಚೌಕ. ಬಲ್ಲವರು ಒಂದು ಉಪಾಯವನ್ನು ಬಾಯಿಂದ ಬಾಯಿಗೆ ಹರಡಿದರು. ಒಪೇರಾ ಮಿನಿ ಎಂಬ ತಂತ್ರಾಂಶವನ್ನು ಹಾಕಿಕೊಂಡು, ಅದರೊಳಗಿನ ಗುಪ್ತವಾದೊಂದು ಪುಟಕ್ಕೆ ಹೋಗಿ, ಒಂದು 'ನೋ' ಎಂಬುದನ್ನು 'ಯೆಸ್' ಮಾಡಿದರೆ ಕನ್ನಡ ಕಾಣುತ್ತಿತ್ತು. ಅದು ಅಕ್ಷರವಲ್ಲ, ಅಕ್ಷರದ ಚಿತ್ರ. ಊಟವನ್ನು ಕಿಟಕಿಯಿಂದ ನೋಡಿದ ಹಾಗೆ. ಅಷ್ಟಕ್ಕೇ ಎಷ್ಟು ಸಂತೋಷಪಟ್ಟರು! ಕೊನೆಗೆ 2012ರಲ್ಲಿ ಬಂದ 4.1ನೆಯ ಆವೃತ್ತಿಯಲ್ಲಿ - ಅದಕ್ಕೆ ಜೆಲ್ಲಿ ಬೀನ್ ಎಂಬ ಮಿಠಾಯಿಯ ಹೆಸರು - ಕನ್ನಡ, ತೆಲುಗು, ಮಲೆಯಾಳಗಳಿಗೆ ಎಡೆ ದೊರೆಯಿತು. ಆ ಆವೃತ್ತಿ ತಮ್ಮ ಫೋನಿಗೆ ಬರುತ್ತದೆಯೋ ಇಲ್ಲವೋ ಎಂದು ಕಾದವರು ಬಹಳ. ಏಕೆಂದರೆ ಮೂಲದಲ್ಲಿ ತಿದ್ದಿದರೆ ಸಾಲದು, ಫೋನು ಮಾಡಿದವನು ಅದನ್ನು ಇಳಿಸಿ ಕೊಡಬೇಕು. ಹೊಸ ಫೋನು ಮಾರಬೇಕಾದವನು ಹಳೆಯ ಫೋನಿಗೆ ಜೀವ ತುಂಬುವ ಆತುರ ತೋರಿಸುವನೆ? ಹಲವರಿಗೆ ಅದು ಬರಲೇ ಇಲ್ಲ. ಅವರು ಹೊಸ ಫೋನು ಕೊಂಡೇ ಕನ್ನಡ ಓದಿದರು.

ಗಮನಿಸಬೇಕಾದ ಸಂಗತಿಯೆಂದರೆ, ಆ ವರ್ಷಗಳಲ್ಲಿ ಇದನ್ನು ಯಾರೂ ಹುಳುಕೆಂದು ಕರೆಯಲಿಲ್ಲ. 'ಇನ್ನೂ ಬೆಂಬಲ ದೊರೆತಿಲ್ಲ' ಎಂದರು. ಬೆಂಬಲ! ಮಾತಿನ ಮರ್ಮವನ್ನು ನೋಡಿ. ಇಂಗ್ಲಿಷಿನ ಒಂದು ಅಕ್ಷರ ಚೌಕವಾಗಿ ಬಿದ್ದರೆ ಅದು ದೋಷ. ಕೋಟಿಗಟ್ಟಲೆ ಜನದ ಲಿಪಿಯೇ ಚೌಕವಾಗಿ ಬಿದ್ದರೆ ಅದು ಬೆಂಬಲದ ವಿಷಯ. ದೋಷವನ್ನು ತಿದ್ದುವುದು ಕರ್ತವ್ಯ. ಬೆಂಬಲ ಕೊಡುವುದು ಔದಾರ್ಯ. ನಮ್ಮ ಹಕ್ಕು ದಾನವಾಗಿ ಮಾರ್ಪಟ್ಟದ್ದು ಒಂದು ಪದದ ಬದಲಾವಣೆಯಿಂದ.

2018ರ ಫೆಬ್ರವರಿಯಲ್ಲಿ ಇದಕ್ಕೆ ಒಂದು ವ್ಯಾಖ್ಯಾನವೇ ದೊರೆಯಿತು. ಐಫೋನಿಗೆ ತೆಲುಗಿನ 'ಜ್ಞಾ' ಎಂಬ ಒಂದು ಸಂಯುಕ್ತಾಕ್ಷರವನ್ನು ಯಾರಾದರೂ ಕಳಿಸಿದರೆ, ಅದನ್ನು ಬರೆಯಲಾರದೆ ಆ ತಂತ್ರಾಂಶ ಕುಸಿದು ಬೀಳುತ್ತಿತ್ತು. ಜ್ಞಾನದ ಮೊದಲಕ್ಷರವೇ ಅಷ್ಟು ದೊಡ್ಡ ಯಂತ್ರಕ್ಕೆ ಭಾರವಾದದ್ದನ್ನು ನೆನೆದು ನಾವು ನಗಬಹುದು. ಜಗತ್ತಿನಾದ್ಯಂತ ಹುಡುಗರು ಚೇಷ್ಟೆಗಾಗಿ ಆ ಅಕ್ಷರವನ್ನು ಒಬ್ಬರಿಗೊಬ್ಬರು ಕಳಿಸತೊಡಗಿದರು. ತಿಂಗಳ ನಡುವಿನಲ್ಲಿ ಸುದ್ದಿಯಾಯಿತು, 19ರಂದು 11.2.6 ಎಂಬ ತಿದ್ದುಪಡಿ ಬಂದೇಬಿಟ್ಟಿತು. ಬಂದದ್ದು ಒಳ್ಳೆಯದೇ. ಆದರೆ ಅದೇ ಐಫೋನಿನಲ್ಲಿ ಕನ್ನಡದ ಕೀಲಿಮಣೆಗಾಗಿ ನಾವು 2017ರ ಸೆಪ್ಟೆಂಬರಿನವರೆಗೆ, 11ನೆಯ ಆವೃತ್ತಿಯವರೆಗೆ, ಕಾಯಬೇಕಾಗಿತ್ತು. ಒಂದು ಕಡೆ ಹತ್ತು ಆವೃತ್ತಿಗಳ ಕಾಲ, ಇನ್ನೊಂದು ಕಡೆ ಕೆಲವೇ ದಿನ. ಕೆಲಸದ ಕಷ್ಟದಲ್ಲಿ ಅಂತರವಿದ್ದೀತು, ಒಪ್ಪುತ್ತೇನೆ. ಕುಸಿಯುವ ಯಂತ್ರಕ್ಕೂ ಬರೆಯಲು ಬಾರದ ಯಂತ್ರಕ್ಕೂ ತುರ್ತಿನಲ್ಲಿ ವ್ಯತ್ಯಾಸವುಂಟು, ಅದನ್ನೂ ಒಪ್ಪುತ್ತೇನೆ. ಆದರೂ ಮುಖ್ಯವಾದ ಅಂತರ ಬೇರೆ. ತೆಲುಗನ್ನು ಬಲ್ಲವರಿಗೆ ಮಾತ್ರವಲ್ಲ, ಅದರ ಹೆಸರನ್ನೇ ಕೇಳದವರ ಫೋನಿಗೂ ನೋವಾದಾಗ ಆ ಹುಳುಕು ಹುಳುಕಾಯಿತು.

ನಮ್ಮವರು ಕಾಯುತ್ತ ಕುಳಿತಿದ್ದರೆಂದು ಯಾರೂ ತಿಳಿಯಬಾರದು. ಕೆ. ಪಿ. ರಾಯರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಕೊಟ್ಟರು. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ'ವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರಕಾರಿ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ನೆಲೆಗೊಂಡಿತು. ಪರರ ಮನೆಯ ಊಟಕ್ಕೆ ಕಾಯದೆ ಒಲೆ ಹೂಡಿದವರು ಇವರು; ಈ ಋಣ ದೊಡ್ಡದು. ಆದರೆ ಆ ಕಾಲದ ಉಪಾಯದಲ್ಲಿ ಒಂದು ಅನಿವಾರ್ಯವಾದ ಹೊಂದಾಣಿಕೆಯಿತ್ತು. ಯಂತ್ರಕ್ಕೆ ರೋಮನ್ ಅಕ್ಷರ ಮಾತ್ರ ಗೊತ್ತಿದ್ದುದರಿಂದ, ಆ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದರು. ಆ ಅಕ್ಷರಶೈಲಿ ಇದ್ದರೆ ಕನ್ನಡ. ಇಲ್ಲದಿದ್ದರೆ ರೋಮನ್ ಅಕ್ಷರಗಳ ಗೋಜಲು. ಮುಂದೆ ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸ್ಥಿರವಾದ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಹರಡಿದಾಗ, ಹಳೆಯ ಕಡತಗಳು ಹಿಂದುಳಿದವು. ನಮ್ಮ ಜೆರಾಕ್ಸ್ ಅಂಗಡಿಯಾಕೆಯ ಯಂತ್ರದಲ್ಲಿ ಅಂಥ ಲಗ್ನಪತ್ರಿಕೆಗಳು, ಕರಾರುಗಳು ನೂರಾರಿವೆ. ಆಕೆ ಹೊಸ ಆವೃತ್ತಿಗೆ ಹೆದರುವುದು ಸೋಮಾರಿತನದಿಂದಲ್ಲ. ತಾತ್ಕಾಲಿಕವಾದ ಊರುಗೋಲಿನ ಮೇಲೆ ಮನೆ ಕಟ್ಟಿಯಾಗಿದೆ. ಈಗ ಕೋಲನ್ನು ತೆಗೆದರೆ ಮನೆ ಏನಾಗಬೇಕು?

ಎಂದಮೇಲೆ ತಿದ್ದುವುದು ಯಾವಾಗಲೂ ಧರ್ಮವೇ? ಜನ ಒಂದು ತಪ್ಪಿಗೆ ಹೊಂದಿಕೊಂಡು, ಅದನ್ನು ನಂಬಿ ಬದುಕನ್ನು ಕಟ್ಟಿಕೊಂಡ ಮೇಲೆ, ತಪ್ಪನ್ನು ತಿದ್ದುವುದೇ ಅವರಿಗೆ ಅನ್ಯಾಯವಾಗಬಹುದಲ್ಲವೆ?

ಈ ಪ್ರಶ್ನೆಗೆ ನಮ್ಮ ವರ್ಣಮಾಲೆಯಲ್ಲಿಯೇ ಒಂದು ಉದಾಹರಣೆಯಿದೆ. ಹಳಗನ್ನಡವನ್ನು ಓದಿದವರು 'ೞ' ಎಂಬ ಅಕ್ಷರವನ್ನು ಬಲ್ಲರು. ನಡುಗನ್ನಡದ ಹೊತ್ತಿಗೆ ಅದು ಬಳಕೆ ತಪ್ಪಿ ಳಕಾರದಲ್ಲಿಯೋ ಅರ್ಕಾವೊತ್ತಿನಲ್ಲಿಯೋ ಕರಗಿಹೋಯಿತು. ಕೇಶಿರಾಜನ ಕಾಲಕ್ಕೇ ಎಲ್ಲಿ ಳ, ಎಲ್ಲಿ ೞ ಎಂಬ ಗೊಂದಲ ಹುಟ್ಟಿದ್ದರಿಂದಲೇ ಅವನು ೞಕಾರವುಳ್ಳ ಮಾತುಗಳನ್ನು ಎಣಿಸಿ ಪಟ್ಟಿಮಾಡಿಕೊಟ್ಟ. ಯೂನಿಕೋಡಿನವರು ಕನ್ನಡಕ್ಕೆ ಸಂಖ್ಯೆಗಳನ್ನು ಹಂಚಿದಾಗ ಈ ಅಕ್ಷರಕ್ಕೂ ಒಂದು ಮನೆ ಕೊಟ್ಟರು, ಸಂತೋಷ. ಆದರೆ ಅದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಕನ್ನಡ ಲೆಟರ್ ಫ' ಎಂದು, ಎಫ್ ಮತ್ತು ಎ ಅಕ್ಷರಗಳನ್ನು ಹಾಕಿ, ಬರೆದುಬಿಟ್ಟರು. ೞಕಾರಕ್ಕೂ ಫಕಾರಕ್ಕೂ ಎತ್ತಣ ನಂಟು! ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ದ್ರಾವಿಡದ ಅಚ್ಚ ಅಕ್ಷರವನ್ನು ತುಟಿಹಲ್ಲುಗಳ ನಡುವಿನ ಗಾಳಿಯೆಂದು ಕರೆದ ಹಾಗಾಯಿತು.

ತಪ್ಪನ್ನು ತೋರಿಸಿಕೊಟ್ಟರು, ಅವರೂ ತಪ್ಪೆಂದು ಒಪ್ಪಿಕೊಂಡರು. ಆದರೆ ತಿದ್ದಲಿಲ್ಲ, ಮುಂದೆಯೂ ತಿದ್ದುವುದಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದೆಂದಿಗೂ ಬದಲಾಯಿಸತಕ್ಕದ್ದಲ್ಲ ಎಂಬುದು ಅವರ ನಿಯಮ. ಎಲ್ಲೆಲ್ಲಿಯೋ ಯಾರ್ಯಾರೋ ಬರೆದ ತಂತ್ರಾಂಶಗಳು ಆ ಹೆಸರನ್ನು ನಂಬಿ ನಡೆಯುತ್ತಿರಬಹುದು. ಹೆಸರು ಬದಲಾದರೆ ಅವು ಮುರಿದುಬೀಳುತ್ತವೆ. ಆದ್ದರಿಂದ ಹೆಸರನ್ನು ಹಾಗೆಯೇ ಉಳಿಸಿ, ಇದು ತಪ್ಪು, ಸರಿಯಾದ ಹೆಸರು ಇಂಥದು ಎಂದು ಪಕ್ಕದಲ್ಲಿ ಅಧಿಕೃತವಾಗಿ ನಮೂದಿಸಿದರು. ನಮಗೊಬ್ಬರಿಗೇ ಆದ ಅವಮಾನವೆಂದು ಯಾರೂ ತಿಳಿಯಬೇಕಾಗಿಲ್ಲ. ಇಂಗ್ಲಿಷಿನ 'ಬ್ರ್ಯಾಕೆಟ್' ಎಂಬ ಮಾತಿನಲ್ಲಿಯೇ ಎರಡು ಅಕ್ಷರ ಅದಲುಬದಲಾಗಿ ಬಿದ್ದ ಒಂದು ಹೆಸರು ಅದೇ ಗ್ರಂಥದಲ್ಲಿ ಅದೇ ಕಾರಣಕ್ಕಾಗಿ ಹಾಗೆಯೇ ಉಳಿದಿದೆ. ಇನ್ನೊಂದು ಮಾತು, ಕನ್ನಡ ಮೇಷ್ಟರಿಗೆ ಮಾತ್ರ ರುಚಿಸುವಂಥದು: ಇಂದಿನ 'ಹುಳು' ಹಳಗನ್ನಡದಲ್ಲಿ 'ಪುೞು'. ಹುಳುವಿನ ಹೆಸರಿನೊಳಗಿನ ಅಕ್ಷರದ ಹೆಸರಿಗೇ ಹುಳುಕು ಹತ್ತಿದೆ.

ಮೊದಲು ಇದನ್ನು ತಿಳಿದಾಗ ನನಗೆ ಸಿಟ್ಟು ಬಂದದ್ದು ನಿಜ. ಆಮೇಲೆ ಯೋಚಿಸಿದರೆ, ಈ ತಿದ್ದದಿರುವಿಕೆಯಲ್ಲಿ ಒಂದು ಬಗೆಯ ಸತ್ಯನಿಷ್ಠೆಯಿದೆಯೆಂದು ತೋರಿತು. ಕನೂತ್ ಅವರೂ ತಾವು ರಚಿಸಿದ ಅಕ್ಷರಜೋಡಣೆಯ ತಂತ್ರಾಂಶ 'ಟೆಕ್' ಬಗ್ಗೆ ಇಂಥದೇ ವಿಧಿಯನ್ನು ಬರೆದಿಟ್ಟಿದ್ದಾರೆ. ತಾವು ತೀರಿಕೊಂಡ ಮೇಲೆ ಅದರಲ್ಲಿ ಯಾರೂ ಕೈಯಾಡಿಸಬಾರದು. ಉಳಿದ ಹುಳುಕುಗಳೆಲ್ಲ ಅಂದಿನಿಂದ ಅದರ ಗುಣಗಳೆಂದೇ ಎಣಿಕೆಯಾಗಬೇಕು. ಅದನ್ನು ನಂಬಿ ಅಚ್ಚುಹಾಕಿದ ಪುಟ ನೂರು ವರ್ಷದ ಮೇಲೂ ಅದೇ ಪುಟವಾಗಿ ಬರಬೇಕೆಂಬುದು ಇದರ ಹಿಂದಿನ ಕಾಳಜಿ. ಹೀಗೆ ತಿದ್ದದೆ ಉಳಿಸುವುದಕ್ಕೂ, ತಿದ್ದುವ ಗೋಜು ಬೇಡವೆಂದು ಬಿಡುವುದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು. ಒಂದರಲ್ಲಿ ತಪ್ಪಿನ ಪಕ್ಕದಲ್ಲಿ 'ಇದು ತಪ್ಪು' ಎಂದು ಬರೆದಿದೆ. ಇನ್ನೊಂದರಲ್ಲಿ ಏನೂ ಬರೆದಿಲ್ಲ. ನನ್ನ ಮಟ್ಟಿಗೆ ಆ ಬರೆಹವೇ ಎರಡರ ನಡುವಿನ ಗೆರೆ.

ಇನ್ನು ಆತುರದ ತಿದ್ದುಪಡಿಯ ವಿಷಯ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ ನಮ್ಮಲ್ಲಿ ಹಳೆಯದು. 2024ರ ಜುಲೈ 19ರಂದು ಅದು ಜಗತ್ತಿನ ಪ್ರಮಾಣದಲ್ಲಿ ನಡೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ಗಣಕಗಳ ರಕ್ಷಣೆಗೆಂದೇ ಕಳಿಸಿದ ಒಂದು ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವೆಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ಕಳಿಸಿದವರು 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. 'ಆಮೇಲೆ' ಎಂಬ ಗುಂಡಿಯನ್ನೊತ್ತುವವರನ್ನು ಅಜ್ಞಾನಿಗಳೆಂದು ನಗುವವರು ಆ ದಿನವನ್ನು ನೆನೆದುಕೊಳ್ಳಬೇಕು.

ಆದರೆ 'ಆಮೇಲೆ' ಎಂಬುದಕ್ಕೂ ಒಂದು ಕೊನೆಯಿದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ತಿದ್ದುಪಡಿಗಳು ನಿಂತವು. ವೈಯಕ್ತಿಕ ಬಳಕೆದಾರರಿಗೆ ರಕ್ಷಣೆಯ ತಿದ್ದುಪಡಿಗಳನ್ನು ಇನ್ನೊಂದು ವರ್ಷ, ಕೆಲವು ಷರತ್ತುಗಳ ಮೇಲೆ, ಕೊಡುವುದಾಗಿ ಆಗ ಪ್ರಕಟಿಸಿದರು. ಮುಂದಿನ ಆವೃತ್ತಿಗೆ ಹೋಗೋಣವೆಂದರೆ ಅದಕ್ಕೆ ಯಂತ್ರದೊಳಗೆ ಭದ್ರತೆಯ ಒಂದು ವಿಶೇಷವಾದ ಅಂಗ ಇರಬೇಕು. ಬಹಳಷ್ಟು ಹಳೆಯ ಯಂತ್ರಗಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಯಂತ್ರ ಗಟ್ಟಿಮುಟ್ಟಾಗಿದೆ, ಕೆಲಸಕ್ಕೆ ಕುಂದಿಲ್ಲ. ಆದರೂ ಇನ್ನು ಮುಂದೆ ಅದರ ಹುಳುಕಿಗೆ ಕೇಳುವವರಿಲ್ಲ. ಒಬ್ಬ ತಯಾರಕ ತಾನು ಮಾಡಿದ್ದನ್ನೆಲ್ಲ ಎಂದೆಂದಿಗೂ ತಿದ್ದುತ್ತಲೇ ಇರಬೇಕೆಂದು ಕೇಳುವುದು ನ್ಯಾಯವಲ್ಲ, ಹತ್ತು ವರ್ಷ ಕಡಮೆಯೂ ಅಲ್ಲ. ಆದರೆ ಮಾಡಿದವನು ಬಿಟ್ಟ ಮೇಲೆ ತಿದ್ದುವ ಅಧಿಕಾರ ಬಳಸುವವನಿಗಾದರೂ ಬರಬೇಡವೆ? ತಾನೂ ತಿದ್ದಲಾರೆ, ಕೀಲಿಯನ್ನೂ ಕೊಡಲಾರೆ ಎಂದರೆ, ಬಾವಿಯನ್ನು ಬಿಟ್ಟುಹೋಗುವವನು ಹಗ್ಗವನ್ನು ಒಯ್ದ ಹಾಗಾಯಿತು. ಲಿನಕ್ಸ್ ಮುಂತಾದ ಮುಕ್ತ ತಂತ್ರಾಂಶದವರು ತಮ್ಮ ಒಪ್ಪಂದಪತ್ರದಲ್ಲಿ ಹೊಣೆಯನ್ನು ಹೊರುವುದಿಲ್ಲವಾದರೂ ಹಗ್ಗವನ್ನು ಬಾವಿಯ ಬಳಿಯೇ ಬಿಟ್ಟಿರುತ್ತಾರೆ. ಲಿಪಿಕಾರನ ಶ್ಲೋಕವೂ ಕೇಶಿರಾಜನ ಬಿನ್ನಹವೂ ಒಂದೇ ಓಲೆಯಲ್ಲಿ ಇದ್ದಂತೆ.

ಬಳಸುವವರ ಕಡೆಗೂ ಒಂದು ಮಾತು ಸಲ್ಲಬೇಕು. ಹಂಬಲ ಹಕ್ಕಾಗಬೇಕಾದರೆ ಅದಕ್ಕೆ ಭಾಷೆ ಬೇಕು. 'ನನ್ನ ಫೋನಿನಲ್ಲಿ ಕನ್ನಡ ಸರಿಯಿಲ್ಲ' ಎಂಬುದು ನಿಟ್ಟುಸಿರು, ದೂರಲ್ಲ. 'ರ‍್ಯಾಂಕ್' ಎಂಬ ಮಾತನ್ನೇ ತೆಗೆದುಕೊಳ್ಳಿ. ರಕಾರಕ್ಕೆ ಯಕಾರವನ್ನು ಕೂಡಿಸಿದರೆ ಯಂತ್ರ ಅದನ್ನು 'ಆರ್ಯ'ದಲ್ಲಿರುವಂತೆ ಅರ್ಕಾವೊತ್ತನ್ನಾಗಿ ಬರೆಯುತ್ತದೆ. ರಕಾರವನ್ನು ಪೂರ್ಣವಾಗಿ ಉಳಿಸಿ ಕೆಳಗೆ ಯಕಾರದ ಒತ್ತನ್ನು ಕೊಡಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಒತ್ತಬೇಕು. ಇದನ್ನು ಯಾರೋ ಕುಳಿತು, ಯಾವ ಅಕ್ಷರದ ಮುಂದೆ ಯಾವುದು ಬಂದಾಗ ಏನು ಕಾಣುತ್ತದೆ, ಏನು ಕಾಣಬೇಕು ಎಂದು ಹಂತಹಂತವಾಗಿ ಬರೆದು ತೋರಿಸಿದ್ದರಿಂದಲೇ ಅದಕ್ಕೆ ಒಂದು ವಿಧಿ ಏರ್ಪಟ್ಟಿತು. ನಮ್ಮ ತರಗತಿಗಳಲ್ಲಿ ಸಂಧಿಸಮಾಸಗಳನ್ನು ಕಲಿತವರಿಗೆ ಈ ಕೆಲಸ ಎಂಜಿನಿಯರುಗಳಿಗಿಂತ ಚೆನ್ನಾಗಿ ಬರಬೇಕು. (ಈ ಲೇಖನ ಅಚ್ಚಾಗುವಾಗ ಆ 'ರ‍್ಯಾಂಕ್' ಹೇಗೆ ಬೀಳುತ್ತದೆಯೋ, ಮುದ್ರಕರ ಪುಣ್ಯ.)

ನಕಾರದ ಪೊಲ್ಲು ಎಂಬ ಹಳೆಯ ರೂಪವೊಂದಿದೆ. ಸ್ವರವಿಲ್ಲದ ನಕಾರಕ್ಕೆ ಹಸ್ತಪ್ರತಿಗಳಲ್ಲಿಯೂ ಹಿಂದಿನ ಅಚ್ಚಿನ ಪುಸ್ತಕಗಳಲ್ಲಿಯೂ ಅದನ್ನು ಬಳಸುತ್ತಿದ್ದರು. ಯೂನಿಕೋಡಿನಲ್ಲಿ ಅದಕ್ಕೆ ಮನೆಯಿರಲಿಲ್ಲ. ಬೇಕೆಂದು ಕೇಳಿದರು, ಆಧಾರಗಳನ್ನು ಒದಗಿಸಿ ವಾದಿಸಿದರು. 2021ರ ಸೆಪ್ಟೆಂಬರಿನಲ್ಲಿ ಬಂದ 14ನೆಯ ಆವೃತ್ತಿಯಲ್ಲಿ ಅದು ಸೇರಿತು, ಈ ಸಲ ಸರಿಯಾದ ಹೆಸರಿನೊಡನೆ. ನನ್ನ ಕೈಯಲ್ಲಿರುವ ಫೋನಿನಲ್ಲಿ ಅದು ಇನ್ನೂ ಚೌಕವಾಗಿಯೇ ಕಾಣುತ್ತಿದೆ. ಯಾವ ಅಕ್ಷರ, ಯಾವ ಸಂಖ್ಯೆ, ಏನು ಕಾಣುತ್ತಿದೆ, ಏನು ಕಾಣಬೇಕು ಎಂದು ಬರೆದು ಕಳಿಸಿದ್ದೇನೆ.